ಓದಿದ್ದು ನೆನಪಿರಬೇಕಾ? ಮೊದಲು ಪುಸ್ತಕ ಮುಚ್ಚಿ

ಹೋದ ತಿಂಗಳು ಓದಿದ ಪುಸ್ತಕದ ಬಗ್ಗೆ ಯಾರಾದರೂ ಕೇಳುತ್ತಾರೆ. "ತುಂಬಾ ಚೆನ್ನಾಗಿದೆ, ಓದಲೇಬೇಕು" ಅನ್ನುತ್ತೇವೆ. "ಹೌದಾ, ಏನಿದೆ ಅದರಲ್ಲಿ?" ಅಂದ ಕೂಡಲೇ ಮಾತು ನಿಂತುಹೋಗುತ್ತದೆ. ಮುಖಪುಟದ ಬಣ್ಣ ನೆನಪಿದೆ. ಎಲ್ಲಿ ಕೂತು ಓದಿದ್ದು ಅನ್ನುವುದೂ ನೆನಪಿದೆ. ಒಳಗಿದ್ದದ್ದು ಮಾತ್ರ ಇಲ್ಲ.

ಹೀಗೆ ಬೇಸರ ಪಡುವವರಲ್ಲಿ ಹೆಚ್ಚಿನವರು ಸೋಮಾರಿಗಳಲ್ಲ. ಗೆರೆ ಎಳೆದಿರುತ್ತಾರೆ, ಟಿಪ್ಪಣಿ ಬರೆದಿರುತ್ತಾರೆ, ಕೆಲವರು ಎರಡೆರಡು ಸಲ ಓದಿರುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ. ಇಷ್ಟವಾದ ಸಾಲುಗಳನ್ನು ಇಳಿಸಿಕೊಂಡ ಐದು ನೋಟ್‌ಬುಕ್ ನನ್ನ ಹತ್ತಿರ ಇವೆ. ಅವುಗಳಲ್ಲಿರುವ ಪುಸ್ತಕಗಳು ನನಗೆ ನೆನಪಿಲ್ಲ. ತಪ್ಪು ಎಲ್ಲಿದೆ ಅಂತ ಗೊತ್ತಾಗಿದ್ದು ತಡವಾಗಿ. ಆ ಕೆಲಸವೆಲ್ಲ ಪುಸ್ತಕವನ್ನು ತೆರೆದಿಟ್ಟುಕೊಂಡು ನಡೆದಿತ್ತು. ಕಣ್ಣ ಮುಂದೆ ಪುಟ ಇರುವಾಗ ತಲೆಗೆ ನೆನಪಿಟ್ಟುಕೊಳ್ಳುವ ಕೆಲಸವೇ ಇರುವುದಿಲ್ಲ. ಪುಸ್ತಕ ಮುಚ್ಚಿ, ಓದಿದ್ದನ್ನು ಒಳಗಿನಿಂದ ಎಳೆದು ತರುವಾಗಲೇ ನೆನಪು ಗಟ್ಟಿಯಾಗುವುದು.

ಕೆಳಗಿನ ಹಂತಗಳು ಈ ಒಂದು ಮಾತಿನ ಸುತ್ತ ಇವೆ. ಕ್ರಮವನ್ನು ದಯವಿಟ್ಟು ಹಿಂದೆಮುಂದೆ ಮಾಡಬೇಡಿ. ಅಷ್ಟೇ ಶ್ರಮಪಟ್ಟೂ ಏನೂ ಉಳಿಯದೇ ಹೋಗುವುದು ಹೆಚ್ಚಾಗಿ ಕ್ರಮ ತಪ್ಪಿದಾಗಲೇ.

ಬೇಕಾದ ಸಾಮಾನು

ಒಂದು ಪೆನ್ಸಿಲ್. ಚೀಲಕ್ಕೆ ಹಿಡಿಸುವ 100 ಪುಟದ ನೋಟ್‌ಬುಕ್. ಬೇರೆ ಬಣ್ಣದ ಒಂದು ಪೆನ್ನು. ಪುಟಗುರುತಿಗೆ ಮಡಿಚಿಟ್ಟುಕೊಳ್ಳಲು ಒಂದು ಬಿಳಿ ಹಾಳೆ. ಗೋಡೆಯ ಮೇಲಿನ ಕ್ಯಾಲೆಂಡರ್, ಹಾಲಿನ ಲೆಕ್ಕ ಬರೆಯುತ್ತೇವಲ್ಲ, ಅಂಥ ದೊಡ್ಡ ಮನೆಗಳಿರುವುದು.

ಇಷ್ಟು ಸಾಕು. ಹೈಲೈಟರ್ ಬೇಡ. ಆ್ಯಪ್ ಕೂಡ ಸದ್ಯಕ್ಕೆ ಬೇಡ. ಆ್ಯಪ್‌ನಿಂದ ಶುರು ಮಾಡಿದವರು ಮೊದಲ ವಾರವೆಲ್ಲ ಅದನ್ನು ಅಣಿಗೊಳಿಸುವುದರಲ್ಲೇ ಕಳೆಯುತ್ತಾರೆ. ಅಷ್ಟು ಹೊತ್ತಿಗೆ ಉತ್ಸಾಹವೂ ಮುಗಿದಿರುತ್ತದೆ.

ಹಂತ 1: ಯಾವ ಪುಸ್ತಕ ಎಷ್ಟು ನೆನಪಿರಬೇಕು ಅಂತ ಮೊದಲೇ ತೀರ್ಮಾನಿಸಿ

ಎಲ್ಲ ಪುಸ್ತಕಕ್ಕೂ ಈ ಕ್ರಮ ಹಾಕಬೇಡಿ. ರೈಲಿನಲ್ಲಿ ಹೊತ್ತು ಹೋಗಲೆಂದು ಓದುವ ಪತ್ತೇದಾರಿ ಕಾದಂಬರಿ ಮರೆತುಹೋದರೆ ನಷ್ಟವೇನಿಲ್ಲ. ವರ್ಷಕ್ಕೆ ಇಪ್ಪತ್ತು ಪುಸ್ತಕ ಓದುವವರಾದರೆ ಆರೋ ಏಳೋ ಪುಸ್ತಕ ಆರಿಸಿಕೊಳ್ಳಿ. ಉಳಿದವನ್ನು ಸುಮ್ನೆ ಖುಷಿಗಾಗಿ ಓದಿ.

ಆರಿಸಿಕೊಂಡ ಪುಸ್ತಕದಿಂದ ನಿಮಗೆ ಏನು ಬೇಕು ಅಂತ ಒಂದು ವಾಕ್ಯದಲ್ಲಿ ಬರೆಯಿರಿ. "ನಮ್ಮ ತೋಟದ ಕೊಳವೆಬಾವಿ ಯಾಕೆ ಬತ್ತಿತು ಅಂತ ತಿಳಿಯಬೇಕು" ಅನ್ನುವುದು ಒಳ್ಳೆಯ ವಾಕ್ಯ. "ಜ್ಞಾನ ಹೆಚ್ಚಿಸಿಕೊಳ್ಳಬೇಕು" ಅಂತ ಬರೆದರೆ ಏನನ್ನು ಹಿಡಿದಿಟ್ಟುಕೊಳ್ಳಬೇಕು ಅಂತ ಗೊತ್ತಾಗುವುದೇ ಇಲ್ಲ.

ಹಂತ 2: ಮೊದಲ ಪುಟಕ್ಕಿಂತ ಮುಂಚೆ ಹತ್ತು ನಿಮಿಷ

ಪರಿವಿಡಿ ಓದಿ. ಅಧ್ಯಾಯಗಳ ಹೆಸರು, ಅವು ಬರುವ ಕ್ರಮ ನೋಡಿ. ಬೆನ್ನುಡಿ ಓದಿ. ಆಮೇಲೆ ಪುಟಗುರುತಿನ ಹಾಳೆಯ ಮೇಲೆ ಮೂರು ಪ್ರಶ್ನೆ ಬರೆಯಿರಿ. ಪ್ರತಿ ಪ್ರಶ್ನೆಯ ಕೆಳಗೆ ನಿಮಗೆ ತೋಚಿದ ಉತ್ತರವನ್ನೂ ಬರೆಯಿರಿ. ಅದು ತಪ್ಪಿರಬಹುದು, ಇರಲಿ. ಮೊದಲು ಊಹೆ ಮಾಡಿಟ್ಟಿದ್ದರೆ ನಿಜವಾದ ಉತ್ತರ ಎದುರಾದಾಗ "ಓ, ಹೀಗಾ!" ಅನಿಸುತ್ತದೆ. ಹಾಗೆ ಅನಿಸಿದ ಜಾಗ ಬೇಗ ಮರೆಯುವುದಿಲ್ಲ.

ಕನ್ನಡ ಪುಸ್ತಕ ಓದುವವರಿಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಕಾದಂಬರಿಗೆ ಬೇರೆಯವರು ಬರೆದ ಮುನ್ನುಡಿಯೇ ಎಷ್ಟೋ ಸಲ ಕಥೆಯನ್ನೆಲ್ಲ ಬಿಚ್ಚಿಡುತ್ತದೆ. ಅದನ್ನು ಮೊದಲೇ ಓದಿದರೆ ಅವರ ಅಭಿಪ್ರಾಯ ತಲೆಯಲ್ಲಿ ಕೂರುತ್ತದೆ, ನಿಮ್ಮದು ಹುಟ್ಟುವುದೇ ಇಲ್ಲ. ಕಾದಂಬರಿಗಾದರೆ ಮುನ್ನುಡಿ ಕೊನೆಗೆ. ವಿಚಾರದ ಪುಸ್ತಕಕ್ಕೆ ಲೇಖಕರೇ ಬರೆದ ಮೊದಲ ಮಾತು ಇದ್ದರೆ ಮಾತ್ರ ಮೊದಲೇ ಓದಿ.

ಹಂತ 3: ಓದುವಾಗ ಬರೀ ಚುಕ್ಕೆ

ಗಮನ ಸೆಳೆದ ಜಾಗದಲ್ಲಿ ಪುಟದ ಅಂಚಿಗೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಡಿ. ಅರ್ಥವಾಗದ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆ. ಅಷ್ಟೇ, ಮುಂದೆ ಓದಿ. ಗ್ರಂಥಾಲಯದ ಪುಸ್ತಕವಾದರೆ ಅದರಲ್ಲಿ ಏನೂ ಬರೆಯದೆ ಪುಟದ ಸಂಖ್ಯೆಯನ್ನು ನಿಮ್ಮ ಹಾಳೆಯ ಮೇಲೆ ಬರೆದುಕೊಳ್ಳಿ.

ಗೆರೆ ಯಾಕೆ ಬೇಡ? ಗೆರೆ ಎಳೆದ ಕೂಡಲೇ "ಇದು ನನ್ನದಾಯಿತು" ಅನ್ನುವ ಸಮಾಧಾನ ಬಂದುಬಿಡುತ್ತದೆ. ಕೈ ಕೆಲಸ ಮಾಡಿದೆ, ತಲೆ ಮಾಡಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಡನ್ಲಾಸ್ಕಿ ಮತ್ತು ಜೊತೆಗಾರರು 2013ರಲ್ಲಿ ಕಲಿಕೆಯ 10 ವಿಧಾನಗಳನ್ನು ಪರಿಶೀಲಿಸಿದರು. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಎರಡೂ ಕಡಿಮೆ ಉಪಯೋಗದ ಸಾಲಿಗೆ ಹೋದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಬಿಡುವು ಕೊಟ್ಟು ಮರಳಿ ಕಲಿಯುವುದು ಮೇಲಿನ ಸಾಲಿನಲ್ಲಿ ನಿಂತವು. ನಮ್ಮಲ್ಲಿ ಹೆಚ್ಚಿನವರು ಮೊದಲಿನ ಎರಡನ್ನೇ ಮಾಡುತ್ತೇವೆ, ಅಲ್ವಾ?

ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಮೊದಲೇ ಗುರುತಿಸಿ. ಅಧ್ಯಾಯ ಚಿಕ್ಕದಾದರೆ ಅದರ ಕೊನೆಗೆ, ದೊಡ್ಡದಾದರೆ 20 ಪುಟಕ್ಕೊಮ್ಮೆ. ಒಂದೇ ಓಟಕ್ಕೆ 80 ಪುಟ ಓದಿ ಆಮೇಲೆ ನೆನಪಿಸಿಕೊಳ್ಳಲು ಕೂತರೆ ಕೊನೆಯ ಹತ್ತು ಪುಟ ಬಿಟ್ಟು ಮಿಕ್ಕಿದ್ದು ಬರುವುದು ಕಷ್ಟ.

ಹಂತ 4: ಮುಚ್ಚಿ, ಹೇಳಿ, ಆಮೇಲೆ ತೆರೆಯಿರಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಬೇರೆಲ್ಲ ಬಿಟ್ಟು ಇದೊಂದನ್ನೇ ಮಾಡಿದರೂ ವ್ಯತ್ಯಾಸ ಕಾಣುತ್ತದೆ.

ನಿಲ್ಲಿಸುವ ಜಾಗ ಬಂದಾಗ ಪುಸ್ತಕ ಮುಚ್ಚಿ. ಕೈಗೆ ಸಿಗದಷ್ಟು ದೂರ ಇಡಿ. ಸುಮ್ನೆ ಬೋರಲು ಹಾಕಿದರೆ ಸಾಲದು, ಕೈ ತಾನಾಗಿಯೇ ಅದರ ಕಡೆ ಹೋಗುತ್ತದೆ. ಈಗ ನೋಟ್‌ಬುಕ್ ತೆಗೆದು, ಓದಿದ್ದರಲ್ಲಿ ಏನಿತ್ತು ಅಂತ ನಿಮ್ಮ ಮಾತಿನಲ್ಲಿ ಬರೆಯಿರಿ. ಮೂರರಿಂದ ಐದು ನಿಮಿಷ. ಬರೆಯಲು ಬೇಸರವಾದರೆ ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ಸಾಲದು. ಮನಸ್ಸಿನೊಳಗೆ ಅರ್ಧ ವಾಕ್ಯವೂ ಪೂರ್ತಿಯಾದಂತೆ ಕಾಣುತ್ತದೆ.

ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಖಂಡಿತ. "ಅದೇನೋ ಮೂರು ಕಾರಣ ಇತ್ತು, ಎರಡು ಗೊತ್ತು, ಮೂರನೆಯದು..." ಇಲ್ಲೇ ಜನ ಪುಸ್ತಕ ತೆರೆದುಬಿಡುವುದು. ತೆರೆಯಬೇಡಿ. ಒಂದು ನಿಮಿಷ ಹಾಗೇ ಕೂತಿರಿ. ಅದು ಯಾವ ಕಡೆಯ ಪುಟದಲ್ಲಿತ್ತು, ಅದಕ್ಕಿಂತ ಮುಂಚೆ ಏನು ಬಂದಿತ್ತು ಅಂತ ನೆನೆಸಿಕೊಳ್ಳಿ. ಆ ತಡಕಾಟವೇ ನಿಮಗೆ ಬೇಕಾದ ವ್ಯಾಯಾಮ. ಬರಲೇ ಇಲ್ಲವೆಂದರೆ ಒಂದು ಸಾಲು ಖಾಲಿ ಬಿಡಿ.

ಬರೆದಾದ ಮೇಲೆ ಪುಸ್ತಕ ತೆರೆಯಿರಿ. ಬಿಟ್ಟದ್ದು, ತಪ್ಪಿದ್ದು ಏನು ಅಂತ ನೋಡಿ ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿ. ಇದನ್ನು ಬಿಟ್ಟರೆ ತಪ್ಪೇ ಗಟ್ಟಿಯಾಗಿ ಕೂರುತ್ತದೆ. ಆ ಬಣ್ಣದಿಂದ ಇನ್ನೊಂದು ಉಪಯೋಗವಿದೆ. ಮುಂದೆ ಪುಟ ತಿರುವಿದಾಗ ನಿಮ್ಮ ತಲೆ ಏನನ್ನು ಬಿಡುತ್ತದೆ ಅಂತ ಕಾಣುತ್ತದೆ. ನನಗೆ ಹೆಸರು ಉಳಿಯುತ್ತದೆ, ಕಾರಣಗಳು ಜಾರುತ್ತವೆ. ಹಾಗಾಗಿ ಈಗ ಕಾರಣ ಬರುವ ಕಡೆ ನಿಧಾನವಾಗಿ ಓದುತ್ತೇನೆ.

ಉದಾಹರಣೆಗೆ ಅಂತರ್ಜಲದ ಬಗ್ಗೆ ಒಂದು ಅಧ್ಯಾಯ ಓದಿದಿರಿ ಅಂದುಕೊಳ್ಳಿ. "ಅಂತರ್ಜಲ ಕುಸಿತದ ಬಗ್ಗೆ ತುಂಬಾ ಮಾಹಿತಿ ಇದೆ, ಚೆನ್ನಾಗಿ ವಿವರಿಸಿದ್ದಾರೆ" ಅಂತ ಬರೆದರೆ ಅದು ಹೊಗಳಿಕೆ ಆಯಿತು, ನೆನಪು ಆಗಲಿಲ್ಲ. ಹೀಗಿದ್ದರೆ ಸರಿ:

"ತೆರೆದ ಬಾವಿಗೆ ಬರುವುದು ಮೇಲಿನ ಮಣ್ಣು, ಸಡಿಲ ಕಲ್ಲಿನ ಪದರದ ನೀರು. ಒಳ್ಳೆ ಮಳೆಯಾದರೆ ಬೇಗ ಏರುತ್ತದೆ. ಕೊಳವೆಬಾವಿ ಕೆಳಗಿನ ಗಟ್ಟಿ ಕಲ್ಲಿನ ಬಿರುಕುಗಳಿಂದ ಎತ್ತುತ್ತದೆ. ಅಲ್ಲಿಗೆ ನೀರು ಇಳಿಯುವುದು ನಿಧಾನ. ಇಳಿಯುವುದಕ್ಕಿಂತ ಜಾಸ್ತಿ ಎತ್ತಿದರೆ ಬತ್ತುತ್ತದೆ. ಪಕ್ಕದ ತೋಟದಲ್ಲಿ ನೀರಿದ್ದು ನಮ್ಮಲ್ಲಿ ಯಾಕಿಲ್ಲ? (ಮರೆತಿದೆ)"

ಆಮೇಲೆ ಪುಸ್ತಕ ನೋಡಿ, ಆ ಕಂಸದ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ: "ಬಿರುಕುಗಳು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ." ಆ ಕೆಂಪು ಸಾಲು ಪುಟದ ಬೇರೆ ಸಾಲುಗಳಿಗಿಂತ ಜಾಸ್ತಿ ದಿನ ಉಳಿಯುತ್ತದೆ. ಅದಕ್ಕಾಗಿ ತಡಕಾಡಿದ್ದೀರಿ.

ಇಲ್ಲಿ ಮನಸ್ಸು ನಮಗೆ ಮೋಸ ಮಾಡುತ್ತದೆ, ಅದನ್ನೂ ಹೇಳಬೇಕು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಪಾಠಗಳನ್ನು ಓದಿಸಿದರು. ಒಂದು ಪಾಠವನ್ನು ಎರಡು ಸಲ ಓದಿಸಿದರು. ಇನ್ನೊಂದು ಪಾಠವನ್ನು ಓದಿದ ಮೇಲೆ ನೋಡದೆ ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಮುಂದಿತ್ತು: 81 ಶೇಕಡಾ, ಬರೆದದ್ದು 75. ವಾರದ ನಂತರ ಲೆಕ್ಕ ತಿರುಗಿತು. ಎರಡು ಸಲ ಓದಿದ್ದು 42ಕ್ಕೆ ಇಳಿದಿತ್ತು, ನೆನಪಿನಿಂದ ಬರೆದದ್ದು 56ರಲ್ಲಿ ನಿಂತಿತ್ತು. ಮರಳಿ ಓದಿದ ದಿನ ಎಲ್ಲ ಬಂತು ಅನಿಸುತ್ತದಲ್ಲ, ಅದು ಆ ಐದು ನಿಮಿಷದ ಮಾತು. ನಮಗೆ ಬೇಕಿರುವುದು ವಾರದ, ತಿಂಗಳ ಮಾತು.

ಸಾಮಾನ್ಯ ತಪ್ಪುಗಳು: ನಡುವೆ ಇಣುಕಿ ನೋಡುವುದು, ಲೇಖಕರ ವಾಕ್ಯವನ್ನೇ ಇಳಿಸುವುದು, ಅಂದವಾಗಿ ಬರೆಯಲು ಹೋಗುವುದು. ಅಕ್ಷರ ಸೊಟ್ಟಗಿದ್ದರೂ ಪರವಾಗಿಲ್ಲ, ವಾಕ್ಯ ಮುರಿದಿದ್ದರೂ ಪರವಾಗಿಲ್ಲ. ಪುಟ ಮುದ್ದಾಗಿ ಕಂಡರೆ ನೀವು ನೋಡಿ ಬರೆದಿರಬಹುದು ಅಂತ ನಾನು ಅನುಮಾನ ಪಡುತ್ತೇನೆ.

ಹಂತ 5: ಕಾದಂಬರಿಗೆ ಮನೆಗಳ ಪಟ್ಟಿ

ಕಾದಂಬರಿಯಲ್ಲಿ ಅಧ್ಯಾಯದ ಸಾರ ಬರೆಯುತ್ತಾ ಕೂತರೆ ಓದಿನ ರುಚಿ ಹೋಗುತ್ತದೆ. ಅಲ್ಲಿ ಕೈಕೊಡುವುದು ಹೆಚ್ಚಾಗಿ ಪಾತ್ರಗಳು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಶುರು ಮಾಡಿ ನೂರು ಪುಟಕ್ಕೇ ಬಿಟ್ಟವರನ್ನು ಕೇಳಿ. "ಯಾರು ಯಾರಿಗೆ ಏನಾಗಬೇಕು ಅಂತಲೇ ಗೊತ್ತಾಗಲಿಲ್ಲ" ಅನ್ನುತ್ತಾರೆ.

ಅವರಲ್ಲಿ ಹಲವರು ಹೆಸರುಗಳನ್ನು ಬಂದ ಕ್ರಮದಲ್ಲಿ ಒಂದರ ಕೆಳಗೊಂದು ಬರೆದಿರುತ್ತಾರೆ. ನಲವತ್ತು ಹೆಸರಾದ ಮೇಲೆ ಆ ಪಟ್ಟಿಯಿಂದ ಪ್ರಯೋಜನವಿಲ್ಲ. ಮನೆಯ ಪ್ರಕಾರ ಬರೆಯಿರಿ. ಹಾಳೆಯಲ್ಲಿ ಚೌಕಗಳನ್ನು ಎಳೆದು, ಒಂದೊಂದಕ್ಕೂ ಊರಿನ ಹೆಸರು ಕೊಡಿ. ಸಿಂಬಾವಿ ಅನ್ನುವ ಚೌಕದಲ್ಲಿ ಭರಮೈಹೆಗ್ಗಡೆ, ಅಲ್ಲಿಯ ಆಳು ಗುತ್ತಿ, ಅವನ ನಾಯಿ ಹುಲಿಯ. ಬೆಟ್ಟಳ್ಳಿಯ ಚೌಕದಲ್ಲಿ ಕಲ್ಲಯ್ಯಗೌಡ, ದೇವಯ್ಯ, ಕೇರಿಯ ತಿಮ್ಮಿ. ಕೋಣೂರಿನಲ್ಲಿ ಮುಕುಂದಯ್ಯ. ಹೂವಳ್ಳಿಯಲ್ಲಿ ವೆಂಕಟಣ್ಣ, ಚಿನ್ನಮ್ಮ. ಈಗ ಗುತ್ತಿಯಿಂದ ತಿಮ್ಮಿಗೆ ಒಂದು ಗೆರೆ, ಮುಕುಂದಯ್ಯನಿಂದ ಚಿನ್ನಮ್ಮನಿಗೆ ಒಂದು ಗೆರೆ. ಯಾರು ಯಾವ ಮನೆಯಿಂದ ಯಾವ ಮನೆಗೆ, ಯಾಕೆ ಓಡಾಡುತ್ತಿದ್ದಾರೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಆ ಕಾದಂಬರಿ ಇರುವುದೇ ಆ ಓಡಾಟದಲ್ಲಿ.

ಚೌಕವನ್ನೂ ಪುಸ್ತಕ ಮುಚ್ಚಿಯೇ ತುಂಬಿ. ಮೊದಲ ದಿನ ನಾಲ್ಕು ಹೆಸರು ಬಂದರೆ ಸಾಕು. ಮಾರನೆಯ ದಿನ ಓದಲು ಕೂರುವ ಮುಂಚೆ ಖಾಲಿ ಹಾಳೆಯ ಮೇಲೆ ಅದೇ ಚೌಕಗಳನ್ನು ನೋಡದೆ ಮತ್ತೆ ಎಳೆಯಿರಿ. ಎರಡೇ ನಿಮಿಷದ ಕೆಲಸ. ಕಥೆ ಎಲ್ಲಿಗೆ ಬಂದಿತ್ತು ಅನ್ನುವುದೂ ಜೊತೆಗೆ ನೆನಪಾಗುತ್ತದೆ.

ಕಾದಂಬರಿ ಓದುವಾಗ ಒಂದು ಚಿತ್ರವನ್ನೂ ಬರೆದಿಡಿ. ಇಂದಿನ ಓದಿನಲ್ಲಿ ಕಣ್ಣಿಗೆ ಕಟ್ಟಿದ ಒಂದೇ ದೃಶ್ಯ, ಎರಡು ಸಾಲಿನಲ್ಲಿ. ಕಥೆಯ ಎಳೆ ಮರೆತರೂ ದೃಶ್ಯ ಉಳಿದಿರುತ್ತದೆ. ಅದನ್ನು ಹಿಡಿದು ಎಳೆದರೆ ಉಳಿದದ್ದೂ ಬರುತ್ತದೆ.

ಹಂತ 6: ಪುಸ್ತಕ ಮುಗಿದ ಮಾರನೆಯ ದಿನ ಒಂದು ಪುಟ

ಕೊನೆಯ ಪುಟ ಮುಗಿಸಿದ ಕೂಡಲೇ ಇನ್ನೊಂದು ಪುಸ್ತಕ ಹಿಡಿಯಬೇಡಿ. ಆ ರಾತ್ರಿ ಏನೂ ಬರೆಯಬೇಡಿ ಕೂಡ. ಒಂದು ನಿದ್ದೆಯಾಗಲಿ.

ಮಾರನೆಯ ದಿನ, ಹಳೆಯ ಟಿಪ್ಪಣಿ ನೋಡದೆ, ಒಂದೇ ಪುಟ ಬರೆಯಿರಿ. ಪುಸ್ತಕ ಏನು ಹೇಳಿತು? ಅದನ್ನು ಯಾಕೆ ನಂಬಬೇಕು ಅಂದಿತು? ನಾನು ಒಪ್ಪದ್ದು ಯಾವುದು? ನನಗೆ ಮೊದಲೇ ಗೊತ್ತಿದ್ದ ಯಾವುದಕ್ಕೆ ಇದು ತಾಳೆಯಾಗುತ್ತದೆ? ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಒಂಟಿಯಾಗಿ ಕೂತ ವಿಷಯ ಬೇಗ ಹೋಗುತ್ತದೆ. ನಿಮ್ಮ ಊರಿನ ಕೆರೆ, ನಿಮ್ಮ ಅಜ್ಜ ಹೇಳುತ್ತಿದ್ದ ಮಾತು, ಹಿಂದೆ ಓದಿದ ಇನ್ನೊಂದು ಪುಸ್ತಕ, ಯಾವುದಕ್ಕಾದರೂ ಗಂಟು ಹಾಕಿದ ವಿಷಯ ಉಳಿಯುತ್ತದೆ.

ಬರೆದ ಮೇಲೆ ಪುಸ್ತಕದ ಚುಕ್ಕೆಗಳನ್ನು ಒಂದೊಂದಾಗಿ ನೋಡಿ. ಅರ್ಧಕ್ಕರ್ಧ ಈಗ ಮುಖ್ಯ ಅನಿಸುವುದಿಲ್ಲ, ಬಿಟ್ಟುಬಿಡಿ. ಉಳಿದವನ್ನು ಪುಟದ ಸಂಖ್ಯೆಯ ಜೊತೆ ಬೇರೆ ಬಣ್ಣದಲ್ಲಿ ಸೇರಿಸಿ.

ಹಂತ 7: ಕ್ಯಾಲೆಂಡರ್‌ನಲ್ಲಿ ಮೂರು ಗುರುತು

ಆ ಪುಟ ಬರೆದ ದಿನದಿಂದ ಲೆಕ್ಕ ಹಾಕಿ 7ನೇ ದಿನ, 30ನೇ ದಿನ, 90ನೇ ದಿನ ಕ್ಯಾಲೆಂಡರ್‌ನಲ್ಲಿ ಪುಸ್ತಕದ ಮೊದಲ ಅಕ್ಷರ ಬರೆದಿಡಿ. ಆ ದಿನ ಬಂದಾಗ ಹತ್ತು ನಿಮಿಷ ಮೀಸಲಿಡಿ. ಮೊದಲು ಖಾಲಿ ಹಾಳೆಯ ಮೇಲೆ ನೆನಪಿದ್ದದ್ದು. ಆಮೇಲೆ ನಿಮ್ಮ ಒಂದು ಪುಟ ತೆಗೆದು ಹೋಲಿಕೆ. ಈ ಕ್ರಮ ಇಲ್ಲೂ ಅದೇ. ಪುಟವನ್ನು ಮೊದಲು ಓದಿಬಿಟ್ಟರೆ ಆ ಹತ್ತು ನಿಮಿಷ ವ್ಯರ್ಥ.

ಏಳನೇ ದಿನ ಅರ್ಧ ಮರೆತಿರುತ್ತೀರಿ. ಗಾಬರಿ ಬೇಡ. ಸ್ವಲ್ಪ ಮರೆತಾಗ ಮರಳಿ ನೆನೆಯುವುದೇ ಲಾಭ. ಪೂರ್ತಿ ನೆನಪಿರುವಾಗ ನೆನೆದರೆ ಹೆಚ್ಚೇನೂ ಸಿಗದು. ದಿನ ತಪ್ಪಿದರೆ ನೆನಪಾದ ದಿನ ಮಾಡಿ, ಮೊದಲಿನಿಂದ ಶುರು ಮಾಡುವ ಅಗತ್ಯವಿಲ್ಲ.

ಇಸವಿ, ಹೆಸರು, ವ್ಯಾಖ್ಯೆ ತುಂಬಿರುವ ಪುಸ್ತಕಕ್ಕೆ, ಅದರಲ್ಲೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ, ಚೀಟಿಗಳು ಅನುಕೂಲ. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಆಂಕಿ ಎಂಬ ಆ್ಯಪ್ ಯಾವ ಚೀಟಿ ಯಾವ ದಿನ ಬರಬೇಕು ಅಂತ ತಾನೇ ಲೆಕ್ಕ ಇಡುತ್ತದೆ. ಒಂದು ಚೀಟಿಗೆ ಒಂದೇ ಪ್ರಶ್ನೆ ಇರಲಿ. ಇಡೀ ಪ್ಯಾರಾ ತುರುಕಿದ ಚೀಟಿಯನ್ನು ಎರಡನೇ ವಾರ ಯಾರೂ ಮುಟ್ಟುವುದಿಲ್ಲ.

ಹಂತ 8: ಮನೆಯಲ್ಲಿ ಒಬ್ಬರಿಗೆ ಹೇಳಿ

ಊಟಕ್ಕೆ ಕೂತಾಗ, ವಾಕಿಂಗ್ ಹೋಗುವಾಗ, ಆ ಪುಸ್ತಕ ಓದದ ಒಬ್ಬರಿಗೆ ಐದು ನಿಮಿಷ ಹೇಳಿ. ಅಮ್ಮನಿಗೆ ಹೇಳಿದರೆ ಇನ್ನೂ ಒಳ್ಳೆಯದು. "ಅದು ಹೇಗಪ್ಪಾ?" ಅಂತ ನಿಲ್ಲಿಸಿ ಕೇಳುತ್ತಾರೆ. ಆ ಪ್ರಶ್ನೆಗೆ ತಡವರಿಸಿದರೆ ನಿಮಗೆ ಅರ್ಥವಾಗದ ಜಾಗ ಅದೇ. ನೋಟ್‌ಬುಕ್‌ನಲ್ಲಿ ಗುರುತು ಹಾಕಿ, ಆ ಎರಡು ಪುಟವನ್ನಷ್ಟೇ ಮತ್ತೆ ಓದಿ.

ವಾಟ್ಸಾಪ್ ಸ್ಟೇಟಸ್‌ಗೆ ಪುಸ್ತಕದ ಫೋಟೋ ಹಾಕಿದರೆ ಈ ಕೆಲಸ ಆಗುವುದಿಲ್ಲ. ಅಲ್ಲಿ ಯಾರೂ ತಿರುಗಿ ಪ್ರಶ್ನೆ ಕೇಳುವುದಿಲ್ಲ.

ಫೋನು, ಕಿಂಡಲ್, ಆಡಿಯೋ ಪುಸ್ತಕ

ಕ್ರಮ ಅದೇ, ಸಲಕರಣೆ ಬೇರೆ. ಫೋನಿನಲ್ಲಿ ಓದುವವರು ನೋಟಿಫಿಕೇಶನ್ ಬಂದ್ ಮಾಡಿ, ನೋಟ್‌ಬುಕ್ ಮಾತ್ರ ಕಾಗದದ್ದೇ ಇಟ್ಟುಕೊಳ್ಳಿ. ಅದೇ ಪರದೆಯಲ್ಲಿ ಬರೆಯಲು ಹೋದರೆ ಪುಸ್ತಕಕ್ಕೆ ಮರಳುವುದು ಬೆರಳಿನ ಒಂದು ಚಲನೆ ಅಷ್ಟೇ. ಆಡಿಯೋ ಕೇಳುವವರು ಅಧ್ಯಾಯ ಮುಗಿದಾಗ ನಿಲ್ಲಿಸಿ, ಫೋನಿನ ರೆಕಾರ್ಡರ್‌ಗೆ ಎರಡು ನಿಮಿಷ ಹೇಳಿ. ಗಾಡಿ ಓಡಿಸುವಾಗ ಮಾತ್ರ ಬೇಡ.

ದಾರಿ ತಪ್ಪುತ್ತಿದೆ ಅನ್ನುವುದರ ಗುರುತುಗಳು

ನೋಟ್‌ಬುಕ್ ತುಂಬುತ್ತಿದೆ, ಪುಸ್ತಕ ಮುಂದೆ ಹೋಗುತ್ತಿಲ್ಲ ಅಂದರೆ ಜಾಸ್ತಿ ಬರೆಯುತ್ತಿದ್ದೀರಿ. 20 ಪುಟಕ್ಕೆ ಹತ್ತು ಸಾಲು ಮೀರಬಾರದು.

"ಇದೆಲ್ಲ ಗೊತ್ತು ಗೊತ್ತು" ಅನಿಸುತ್ತದೆ, ಹೇಳಲು ಹೋದರೆ ಬಾಯಿಗೆ ಬರುವುದಿಲ್ಲ. ಪರಿಚಯವನ್ನು ನೆನಪು ಅಂದುಕೊಂಡಿದ್ದೀರಿ. ಹಂತ 4ಕ್ಕೆ ಹಿಂತಿರುಗಿ.

ಪುಸ್ತಕ ಎತ್ತಿಕೊಳ್ಳಲು ಮನಸ್ಸೇ ಬರುತ್ತಿಲ್ಲ. ಇದು ನನಗೆ ತುಂಬಾ ಕಾಳಜಿಯ ವಿಷಯ. ಆರಿಸಿಕೊಂಡ ಪುಸ್ತಕಗಳು ಜಾಸ್ತಿಯಾಗಿವೆ. ಹತ್ತು ದಿನ ಏನೂ ಬರೆಯದೆ ಇಷ್ಟದ ಪುಸ್ತಕ ಓದಿ. ಆಮೇಲೆ ಒಂದೇ ಪುಸ್ತಕದಿಂದ ಮತ್ತೆ ಶುರು ಮಾಡಿ.

ಇನ್ನೊಂದು ಗುರುತು ಓದಿಗೆ ಸಂಬಂಧಿಸಿದ್ದಲ್ಲ, ಆದರೂ ಹೇಳುತ್ತೇನೆ. ಪುಸ್ತಕ ಮರೆಯುವುದು ಎಲ್ಲರಿಗೂ ಇರುವುದೇ. ಆದರೆ ಮನೆಯ ಹಿರಿಯರು ಈಗಷ್ಟೇ ಕೇಳಿದ್ದನ್ನು ಮತ್ತೆ ಮತ್ತೆ ಕೇಳುತ್ತಿದ್ದರೆ, ದಿನಾ ಓಡಾಡುವ ದಾರಿಯಲ್ಲೇ ಗೊಂದಲಪಡುತ್ತಿದ್ದರೆ, ನೋಟ್‌ಬುಕ್ ಕೊಡಬೇಡಿ. ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಈಗಾಗಲೇ ಓದಿ ಮರೆತ ಪುಸ್ತಕಗಳು

ಕಪಾಟಿನಲ್ಲಿರುವವನ್ನೆಲ್ಲ ಮತ್ತೆ ಓದಲು ಆಗುವುದಿಲ್ಲ. ಮರೆತದ್ದಕ್ಕೆ ನಿಜವಾಗಿ ಬೇಸರವಾಗುವ ಒಂದನ್ನು ತೆಗೆಯಿರಿ. ತೆರೆಯುವ ಮುಂಚೆ, ನೆನಪಿದ್ದದ್ದು ಬರೆಯಿರಿ. ಮೂರೇ ಸಾಲು ಬರಬಹುದು. ಆಮೇಲೆ ಪರಿವಿಡಿ ನೋಡಿ, ಒಂದೊಂದು ಅಧ್ಯಾಯದ ಹೆಸರು ಓದಿ ನಿಂತು, ಅಲ್ಲಿ ಏನಿತ್ತು ಅಂತ ಕೇಳಿಕೊಳ್ಳಿ. ಏನೂ ಬರದ ಅಧ್ಯಾಯಗಳನ್ನಷ್ಟೇ ಮತ್ತೆ ಓದಿ.

ಇದು ನೀವು ಅಂದುಕೊಂಡಷ್ಟು ಕಷ್ಟವಾಗುವುದಿಲ್ಲ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆ ತಾವೇ ಪ್ರಯೋಗ ಮಾಡಿ ಇದನ್ನು ಅಳೆದು ತೋರಿಸಿದ್ದರು. ಪೂರ್ತಿ ಮರೆತಂತೆ ಕಂಡದ್ದನ್ನು ಮತ್ತೆ ಕಲಿಯಲು ಮೊದಲ ಸಲಕ್ಕಿಂತ ಕಡಿಮೆ ಹೊತ್ತು ಸಾಕಾಗಿತ್ತು. ಮೂರು ದಿನ ಹಿಡಿದಿದ್ದ ಪುಸ್ತಕ ಈ ಸಲ ಒಂದು ಸಂಜೆಗೆ ಮುಗಿಯಬಹುದು. ಮುಗಿದ ಮೇಲೆ ಹಂತ 6ರ ಒಂದು ಪುಟ, ಕ್ಯಾಲೆಂಡರ್‌ನಲ್ಲಿ ಮೂರು ಗುರುತು ಮರೆಯಬೇಡಿ.